ಗಣಕಯಂತ್ರಕ್ಕೆ ವೈರ್‌ಲೆಸ್ ಕಾರ್ಡು: ಹೊಂದದಿದ್ದಾಗ ಮಾಡತಕ್ಕದ್ದೇನು?

ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿಯೂ ಈಗ ಓದುತ್ತಿರುವ ಬಾಲಿಕೆಯರ ಮನೆಗಳಲ್ಲಿಯೂ ಮೇಜಿನ ಮೇಲಿಡುವ ಹಳೆಯ ಗಣಕಯಂತ್ರವೊಂದು ಇರುವುದು ಅಪರೂಪವಲ್ಲ. ಅದು ಯಾವುದೋ ಕಚೇರಿಯಿಂದ ಕಡಿಮೆ ಕ್ರಯಕ್ಕೆ ಬಂದದ್ದಾಗಿರಬಹುದು. ಇಲ್ಲವೆ ಅಣ್ಣನು ಉಪಯೋಗಿಸಿ ಬಿಟ್ಟದ್ದಾಗಿರಬಹುದು. ಓದುಬರಹಕ್ಕೆ ಅದು ಧಾರಾಳವಾಗಿ ಸಾಕು. ಆದರೆ ಇಂಟರ್‌ನೆಟ್ ತರುವ ರೌಟರ್ ಪೆಟ್ಟಿಗೆಯು ಮುಂದಿನ ಕೋಣೆಯಲ್ಲಿಯೂ ಹುಡುಗಿಯು ಓದುವ ಸ್ಥಳವು ಹಿಂದಿನ ಕೋಣೆಯಲ್ಲಿಯೂ ಇರುವುದರಿಂದ ವೈರ್‌ಲೆಸ್ ಕಾರ್ಡೊಂದನ್ನು ಕೊಂಡು ತರುತ್ತಾರೆ. ಕಾರ್ಡನ್ನು ಕೂಡಿಸಿಯೂ ಆಯಿತು, ಯಂತ್ರವು ಮಾತ್ರ ಅದನ್ನು ಕಾಣದು. ಆಗ “ಯಂತ್ರ ಹಳೆಯದಾಯಿತು” ಎಂಬ ತೀರ್ಪು ಹೊರಡುವುದು. ಯಂತ್ರವು ಮೂಲೆ ಸೇರುವುದು. ಹುಡುಗಿಯು ತಂದೆಯ ಫೋನು ಬಿಡುವಾಗುವ ತನಕ ಪುನಃ ಕಾಯತೊಡಗುವಳು.

ಈ ತೀರ್ಪು ಅನೇಕ ಸಾರಿ ಅವಸರದ್ದೆಂದು ತಿಳಿಸುವುದಕ್ಕಾಗಿಯೇ ನಾವು ಈ ಲೇಖನವನ್ನು ಬರೆಯುತ್ತೇವೆ. ಕಾರ್ಡು ಜಾಗದಲ್ಲಿ ಕೂತ ಮಾತ್ರಕ್ಕೆ ಯಂತ್ರವು ಅದನ್ನು ಒಪ್ಪಿತೆಂದು ಅರ್ಥವಲ್ಲ. ಒಪ್ಪಿಗೆಯು ನಾಲ್ಕು ಕಡೆಗಳಿಂದ ಬರಬೇಕು: ಕೂರುವ ಜಾಗದಿಂದ, ಯಂತ್ರದ ಮುಖ್ಯ ಹಲಗೆಯಾದ ಮದರ್‌ಬೋರ್ಡಿನಿಂದ, ಅದನ್ನು ನಡಿಸುವ ತಂತ್ರಾಂಶದಿಂದ, ಕಡೆಯದಾಗಿ ಮನೆಯ ರೌಟರಿನಿಂದ. ಎಲ್ಲಿ ಒಪ್ಪಿಗೆ ತಪ್ಪಿತೆಂಬುದನ್ನು ಲಕ್ಷಣಗಳೇ ಹೇಳುತ್ತವೆ. ಕ್ರಮವಾಗಿ ಕೆಳಗಿನಿಂದ ಮೇಲಕ್ಕೆ ನೋಡುತ್ತಾ, ಒಂದು ಸಾರಿಗೆ ಒಂದನ್ನೇ ಬದಲಿಸುತ್ತಾ ಹೋಗುವವಳಿಗೆ ಉತ್ತರವು ದೊರೆಯದೆ ಇರದು. ಏಕಕಾಲದಲ್ಲಿ ಮೂರನ್ನು ಬದಲಿಸುವವಳಿಗೆ ಯಂತ್ರವು ಸರಿಯಾದರೂ ಕಾರಣವು ತಿಳಿಯದು.

ಮೊದಲನೆಯದು ಕೂರುವ ಜಾಗ. ಇದನ್ನು ಕಾರ್ಡು ಕೊಳ್ಳುವುದಕ್ಕೆ ಮುಂಚೆಯೇ ನೋಡತಕ್ಕದ್ದು. 1992ರಲ್ಲಿ ಬಂದ ಪಿಸಿಐ ಎಂಬ ಉದ್ದನೆಯ ಸ್ಲಾಟು ಬಹು ಹಳೆಯ ಯಂತ್ರಗಳಲ್ಲಿರುವುದು. 2003ರಲ್ಲಿ ಅದರ ಸ್ಥಾನಕ್ಕೆ ಪಿಸಿಐ ಎಕ್ಸ್‌ಪ್ರೆಸ್ ಎಂಬ ಬೇರೊಂದು ಕ್ರಮವು ಗೊತ್ತಾಯಿತು. ಹೆಸರುಗಳು ಅಕ್ಕತಂಗಿಯರಂತೆ ಕಂಡರೂ ಒಂದರ ಕಾರ್ಡು ಮತ್ತೊಂದರಲ್ಲಿ ಕೂರಲಾರದು. ವೈರ್‌ಲೆಸ್ ಕಾರ್ಡುಗಳಿಗೆ ಬೇಕಾಗುವುದು ಪಿಸಿಐ ಎಕ್ಸ್‌ಪ್ರೆಸಿನ ಅತಿ ಚಿಕ್ಕ ಸ್ಲಾಟು. ಉದ್ದವು ಸುಮಾರು 25 ಮಿಲಿಮೀಟರು. ಆ ಚಿಕ್ಕ ಸ್ಲಾಟು ಖಾಲಿ ಇಲ್ಲದಿದ್ದರೆ ಚಿತ್ರಪಟದ ಕಾರ್ಡಿಗಾಗಿ ಇಟ್ಟಿರುವ ಉದ್ದದ ಸ್ಲಾಟಿನಲ್ಲಿಯೂ ಚಿಕ್ಕ ಕಾರ್ಡನ್ನು ಕೂಡಿಸಬಹುದು. ಇದರಿಂದ ಕೆಡುಕಿಲ್ಲ. ಕಚೇರಿಗಳಿಂದ ಬರುವ ತೆಳುವಾದ ಪೆಟ್ಟಿಗೆಗಳಾದರೆ ಕಾರ್ಡಿನ ಲೋಹದ ಪಟ್ಟಿಯು ಗಿಡ್ಡವಾಗಿರಬೇಕು. ಆ ಗಿಡ್ಡ ಪಟ್ಟಿಯು ಕಾರ್ಡಿನ ಜೊತೆಯಲ್ಲಿ ಬರುವುದೇ ಎಂದು ಅಂಗಡಿಯಲ್ಲಿಯೇ ವಿಚಾರಿಸಬೇಕು.

ಇತ್ತೀಚಿನ ಮದರ್‌ಬೋರ್ಡುಗಳಲ್ಲಿ ಎಂ.2 ಎಂಬ ಇನ್ನೊಂದು ಜಾಗವುಂಟು. ಅದರಲ್ಲಿ ಕೂರುವ ವೈರ್‌ಲೆಸ್ ಕಾರ್ಡು 22 ಮಿಲಿಮೀಟರು ಅಗಲ, 30 ಮಿಲಿಮೀಟರು ಉದ್ದ, ಅಂಚೆಚೀಟಿಯಷ್ಟೇ ಎನ್ನಬಹುದು. ಇಲ್ಲಿಯೇ ಅನೇಕರು ಮೋಸಹೋಗುತ್ತಾರೆ. ಇಂಟೆಲ್ ಸಂಸ್ಥೆಯ ಎಎಕ್ಸ್ 200 ಮತ್ತು ಎಎಕ್ಸ್ 201 ಎಂಬ ಎರಡು ಕಾರ್ಡುಗಳನ್ನು ಪಕ್ಕದಲ್ಲಿಟ್ಟರೆ ಅವಳಿಗಳಂತೆ ತೋರುತ್ತವೆ. ಆದರೆ 200 ಎಂಬುದು ತನ್ನ ಕೆಲಸವನ್ನೆಲ್ಲಾ ತಾನೇ ಮಾಡುವ ಪೂರ್ಣ ಕಾರ್ಡು. 201 ಎಂಬುದು ಅರ್ಧ ಕಾರ್ಡು. ರೇಡಿಯೊ ಭಾಗವು ಮಾತ್ರ ಅದರಲ್ಲಿದ್ದು, ಉಳಿದರ್ಧವು ಇಂಟೆಲಿನ ಕೆಲವು ಹೊಸ ಚಿಪ್ಪುಗಳ ಒಳಗೇ ಇರುತ್ತದೆ. ಈ ಏರ್ಪಾಟಿಗೆ ಸಿಎನ್‌ವಿಐ ಎಂದು ಹೆಸರು. ಆ ಇನ್ನರ್ಧವಿಲ್ಲದ ಹಳೆಯ ಯಂತ್ರದಲ್ಲಿಯಾಗಲಿ, ಎಎಂಡಿ ಸಂಸ್ಥೆಯ ಪ್ರೊಸೆಸರಿರುವ ಯಂತ್ರದಲ್ಲಿಯಾಗಲಿ 201ನ್ನು ಎಷ್ಟು ಸಾರಿ ಕೂಡಿಸಿದರೂ ಅದು ಎಚ್ಚರಗೊಳ್ಳದು. ಎಎಕ್ಸ್ 210, ಎಎಕ್ಸ್ 211 ಎಂಬ ಜೋಡಿಗೂ ಇದೇ ಮಾತು ಸಲ್ಲುವುದು. ಒಂದು ಅಂಕಿಯ ವ್ಯತ್ಯಾಸವನ್ನು ಅಲ್ಪವೆಂದು ಎಣಿಸಬಾರದು.

ಎರಡನೆಯದು ಮದರ್‌ಬೋರ್ಡಿನ ಒಪ್ಪಿಗೆ. ಕಾರ್ಡನ್ನು ಕೂಡಿಸುವ ಮುಂಚೆ ಯಂತ್ರವನ್ನು ನಿಲ್ಲಿಸಿ, ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕೀಳಬೇಕು. ಆಮೇಲೆ ಯಂತ್ರದ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ತು ಇಳಿಯುವುದು. ಪೆಟ್ಟಿಗೆಯ ಬರಿಯ ಲೋಹವನ್ನು ಒಮ್ಮೆ ಮುಟ್ಟಿದರೆ ನಮ್ಮ ಮೈಮೇಲಿನ ಸ್ಥಿರ ವಿದ್ಯುತ್ತೂ ಹೋಗುವುದು. ಕಾರ್ಡನ್ನು ಅಂಚಿನಲ್ಲಿ ಹಿಡಿದು ನೇರವಾಗಿ ಒತ್ತಿ, ಪಟ್ಟಿಯ ತಿರುಪನ್ನು ಬಿಗಿಯಬೇಕು. ಬಿಗಿಯುವಾಗ ಪಟ್ಟಿಯು ವಾರೆಯಾಗಿ ಕಾರ್ಡಿನ ಒಂದು ತುದಿ ಮೇಲೆದ್ದರೆ ಸಂಪರ್ಕವು ತಪ್ಪುವುದು.

ಹೀಗೆ ಮಾಡಿಯೂ ಯಂತ್ರದಲ್ಲಿ ಕಾರ್ಡಿನ ಸುಳಿವೇ ಇಲ್ಲದಿದ್ದರೆ ಅದನ್ನು ತೆಗೆದು ಮತ್ತೊಂದು ಸ್ಲಾಟಿನಲ್ಲಿ ಕೂಡಿಸಿ ನೋಡಬೇಕು. ಕೆಲವು ಮದರ್‌ಬೋರ್ಡುಗಳಲ್ಲಿ ಎರಡು ಜಾಗಗಳಿಗೆ ಒಂದೇ ದಾರಿ ಇರುವುದರಿಂದ, ಎಂ.2 ಜಾಗದಲ್ಲಿ ಡಿಸ್ಕನ್ನು ಕೂಡಿಸಿದೊಡನೆ ಪಕ್ಕದ ಚಿಕ್ಕ ಸ್ಲಾಟು ಸತ್ತಂತಾಗುವುದು. ಬೋರ್ಡಿನ ಕೈಪಿಡಿಯಲ್ಲಿ ಇದನ್ನು ಬರೆದಿರುತ್ತಾರೆ. ಯಂತ್ರವು ಏಳುವಾಗ ಮೊದಲು ಓಡುವ ಬಯಾಸ್ ಎಂಬ ಏರ್ಪಾಟಿನಲ್ಲಿ ಆ ಸ್ಲಾಟನ್ನಾಗಲಿ ವೈರ್‌ಲೆಸ್ಸನ್ನಾಗಲಿ ಮುಚ್ಚಿಟ್ಟಿರುವುದೂ ಉಂಟು. ಕೆಲವು ತಯಾರಕರು, ವಿಶೇಷವಾಗಿ ಮಡಿಲ ಗಣಕಯಂತ್ರಗಳಲ್ಲಿ, ತಾವು ಒಪ್ಪಿದ ಕಾರ್ಡುಗಳ ಪಟ್ಟಿಯನ್ನು ಬಯಾಸಿನಲ್ಲಿಯೇ ಇಟ್ಟು ಬೇರೆ ಕಾರ್ಡುಗಳನ್ನು ತಡೆದದ್ದುಂಟು. ಅಂಥಲ್ಲಿ ಪಟ್ಟಿಯೊಳಗಿನ ಕಾರ್ಡನ್ನೇ ತರುವುದು ಲೇಸು.

ಮೂರನೆಯದು ತಂತ್ರಾಂಶದ ಒಪ್ಪಿಗೆ. ವಿಂಡೋಸಿನಲ್ಲಿ ಡಿವೈಸ್ ಮ್ಯಾನೇಜರ್ ಎಂಬ ಪುಟವನ್ನು ತೆರೆದರೆ ಯಂತ್ರದ ಅಂಗಾಂಗಗಳೆಲ್ಲಾ ಪಟ್ಟಿಯಾಗಿ ಕಾಣುತ್ತವೆ. ಅಲ್ಲಿ “ನೆಟ್‌ವರ್ಕ್ ಕಂಟ್ರೋಲರ್” ಎಂಬ ಹೆಸರೂ ಅದರ ಪಕ್ಕದಲ್ಲಿ ಹಳದಿ ಗುರುತೂ ಕಂಡರೆ ದುಃಖಿಸಬೇಕಾಗಿಲ್ಲ. ಜಾಗವೂ ಬೋರ್ಡೂ ಕಾರ್ಡನ್ನು ಒಪ್ಪಿವೆಯೆಂದೂ, ಅದನ್ನು ನಡಿಸುವ ಡ್ರೈವರ್ ಎಂಬ ತಂತ್ರಾಂಶವು ಮಾತ್ರ ಇಲ್ಲವೆಂದೂ ಅದರ ಅರ್ಥ. ಅಲ್ಲಿ ಕೋಡ್ 28 ಎಂದಿದ್ದರೆ ಡ್ರೈವರ್ ಇಲ್ಲ. ಕೋಡ್ 10 ಎಂದಿದ್ದರೆ ಕಾರ್ಡು ಕೆಲಸವನ್ನು ಆರಂಭಿಸಲಾರದೆ ಹೋಯಿತು. ಕೋಡ್ 12 ಎಂದಿದ್ದರೆ ಅದಕ್ಕೆ ಬೇಕಾದ ಸೌಕರ್ಯವನ್ನು ಯಂತ್ರವು ಒದಗಿಸಲಾರದು.

ಡ್ರೈವರನ್ನು ತರುವಾಗ ರಟ್ಟಿನ ಡಬ್ಬಿಯ ಮೇಲಿನ ಹೆಸರನ್ನು ನಂಬುವುದಕ್ಕಿಂತ ಚಿಪ್ಪಿನ ಗುರುತನ್ನು ನಂಬುವುದು ಉತ್ತಮ. ಒಂದೇ ಹೆಸರಿನ ಕಾರ್ಡಿನಲ್ಲಿ ತಯಾರಕರು ಕಾಲಕ್ರಮೇಣ ಬೇರೆ ಚಿಪ್ಪನ್ನು ಕೂಡಿಸಿರುವುದುಂಟು. ಅದೇ ಪುಟದಲ್ಲಿ ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡೀಸ್ ಎಂದು ಕ್ರಮವಾಗಿ ತೆರೆದರೆ ಎರಡು ಸಂಖ್ಯೆಗಳು ದೊರೆಯುವುವು. ಮೊದಲನೆಯದು ಚಿಪ್ಪು ಮಾಡಿದವರ ಗುರುತು: 8086 ಎಂದರೆ ಇಂಟೆಲ್, 10ಇಸಿ ಎಂದರೆ ರಿಯಲ್‌ಟೆಕ್, 14ಸಿ3 ಎಂದರೆ ಮೀಡಿಯಾಟೆಕ್. ಎರಡನೆಯದು ಚಿಪ್ಪಿನ ಗುರುತು. ಎಎಕ್ಸ್ 200ಕ್ಕೆ ಅದು 2723. ಈ ಎರಡನ್ನು ಬರೆದುಕೊಂಡವಳು ಸರಿಯಾದ ಡ್ರೈವರನ್ನು ತಪ್ಪದೆ ಹುಡುಕಬಲ್ಲಳು.

ಇಂಟರ್‌ನೆಟ್ ಇಲ್ಲದೆ ಡ್ರೈವರ್ ಬಾರದು, ಡ್ರೈವರ್ ಇಲ್ಲದೆ ಇಂಟರ್‌ನೆಟ್ ಬಾರದು ಎಂಬ ಇಕ್ಕಟ್ಟು ಇಲ್ಲಿ ಒದಗುವುದು. ಫೋನನ್ನು ಯುಎಸ್‌ಬಿ ತಂತಿಯಿಂದ ಯಂತ್ರಕ್ಕೆ ಜೋಡಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಎಂಬುದನ್ನು ತೆರೆದರೆ ಒಂದು ಗಳಿಗೆಯ ಮಟ್ಟಿಗೆ ಫೋನಿನ ಸಂಪರ್ಕವೇ ಯಂತ್ರಕ್ಕೆ ದೊರೆಯುವುದು. ಇಲ್ಲವೆ ಬೇರೊಂದು ಯಂತ್ರದಲ್ಲಿ ತಂದು ಪೆನ್‌ಡ್ರೈವಿನಲ್ಲಿ ಸಾಗಿಸಬಹುದು.

ಯಂತ್ರದ ಮೂಲ ತಂತ್ರಾಂಶವೂ ಕಾರ್ಡಿಗೆ ತಕ್ಕದ್ದಾಗಿರಬೇಕು. ಎಎಕ್ಸ್ 200ಕ್ಕೆ ಇಂಟೆಲ್ ಸಂಸ್ಥೆಯು ವಿಂಡೋಸ್ 7ರ ಡ್ರೈವರನ್ನು ಕೊಡಲಿಲ್ಲ. 64 ಬಿಟ್ಟಿನ ವಿಂಡೋಸ್ 10 ಅಥವಾ ಅದಕ್ಕೂ ಹೊಸದು ಬೇಕು. ವಿಂಡೋಸ್ 10ಕ್ಕಾದರೋ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಆದಕಾರಣ ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳಿಗೆ ಕ್ರಯವಿಲ್ಲದ ಲಿನಕ್ಸನ್ನು ಹಾಕುವವರಿದ್ದಾರೆ. ಅಲ್ಲಿ ಎಎಕ್ಸ್ 200ಕ್ಕೆ ಲಿನಕ್ಸಿನ ಕರ್ನೆಲ್ 5.1, ಎಎಕ್ಸ್ 210ಕ್ಕೆ 5.10 ಅಥವಾ ಅವುಗಳಿಗಿಂತ ಹೊಸದಿದ್ದರೆ ಡ್ರೈವರನ್ನು ಪ್ರತ್ಯೇಕವಾಗಿ ತರಬೇಕಾಗುವುದಿಲ್ಲ. ಕಾರ್ಡಿನ ಫರ್ಮ್‌ವೇರ್ ಕಡತಗಳು ಮಾತ್ರ ಜೊತೆಯಲ್ಲಿರಬೇಕು.

ಇಲ್ಲಿ ಬ್ಲೂಟೂತಿನ ವಿಷಯವಾಗಿ ಒಂದು ಮಾತು. ಒಂದೇ ಕಾರ್ಡಿನಲ್ಲಿ ವೈಫೈ ಮತ್ತು ಬ್ಲೂಟೂತ್ ಎರಡೂ ಇದ್ದರೆ ವೈಫೈಯು ಸ್ಲಾಟಿನ ಮೂಲಕವೂ ಬ್ಲೂಟೂತು ಯುಎಸ್‌ಬಿಯ ಮೂಲಕವೂ ನಡೆಯುವುದು ವಾಡಿಕೆ. ಅದಕ್ಕಾಗಿ ಕಾರ್ಡಿನ ಜೊತೆ ಬರುವ ಚಿಕ್ಕ ತಂತಿಯನ್ನು ಮದರ್‌ಬೋರ್ಡಿನ ಒಂಬತ್ತು ಮುಳ್ಳಿನ ಯುಎಸ್‌ಬಿ ಜಾಗಕ್ಕೆ ಚುಚ್ಚಬೇಕು. ವೈಫೈ ನಡೆದು ಬ್ಲೂಟೂತ್ ಕಾಣದಿದ್ದರೆ ಕಾರ್ಡನ್ನು ಹಿಂದಿರುಗಿಸುವ ಮುಂಚೆ ಈ ತಂತಿಯನ್ನು ನೋಡತಕ್ಕದ್ದು.

ನಾಲ್ಕನೆಯದು ರೌಟರಿನ ಒಪ್ಪಿಗೆ. ಕಾರ್ಡು ಚೆನ್ನಾಗಿದ್ದು ಮನೆಯ ಜಾಲದ ಹೆಸರು ಮಾತ್ರ ಕಾಣಿಸದಿದ್ದರೆ ಆ ಜಾಲವು 5 ಗಿಗಾಹರ್ಟ್ಸಿನದೇ ಎಂದು ವಿಚಾರಿಸಬೇಕು; 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಕಾರ್ಡು ಅದನ್ನು ಕಾಣಲಾರದು. ಹೆಸರು ಕಂಡು, ಗುಪ್ತಪದವು ಸರಿಯಿದ್ದೂ ಒಳಗೆ ಬಿಡದಿದ್ದರೆ ರೌಟರಿನಲ್ಲಿ ಡಬ್ಲ್ಯುಪಿಎ3 ಎಂಬ ಕಾವಲು ಮಾತ್ರ ಇದೆಯೋ ನೋಡಬೇಕು. ಅದು 2018ರಲ್ಲಿ ಬಂದದ್ದು. ಅದಕ್ಕೂ ಹಳೆಯ ಅನೇಕ ಕಾರ್ಡುಗಳಿಗೆ ತಿಳಿಯದು. ಡಬ್ಲ್ಯುಪಿಎ2 ಮತ್ತು 3 ಎರಡನ್ನೂ ಒಪ್ಪುವಂತೆ ರೌಟರನ್ನು ಇಟ್ಟರೆ ಸಾಕು. ಸಂಪರ್ಕವು ಬಂದು ಬಂದು ಹೋಗುತ್ತಿದ್ದರೆ ಆಂಟೆನಾಗಳನ್ನು ನೋಡಬೇಕು. ಅವುಗಳನ್ನು ತಿರುಗಿಸಿ ಬಿಗಿಯದೆ ಇದ್ದರೂ, ಲೋಹದ ಪೆಟ್ಟಿಗೆಯ ಹಿಂದೆ ಗೋಡೆಗೆ ಒತ್ತಿ ಇಟ್ಟಿದ್ದರೂ ಅಲೆಗಳು ಕುಗ್ಗುವುವು. ಯುಎಸ್‌ಬಿ 3 ತಂತಿಗಳಿಂದ ಹೊರಡುವ ಸದ್ದು 2.4 ಗಿಗಾಹರ್ಟ್ಸಿನ ಅಲೆಗಳನ್ನು ಕೆಡಿಸುವುದೆಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ಪ್ರಕಟಿಸಿದೆ. ಆದ್ದರಿಂದ ಅಂಥ ಡಿಸ್ಕನ್ನು ಆಂಟೆನಾದ ಪಕ್ಕದಿಂದ ದೂರವಿಡುವುದು ಒಳ್ಳೆಯದು.

ಇಷ್ಟೆಲ್ಲಾ ನೋಡಿಯೂ ಫಲವಿಲ್ಲದಿದ್ದರೆ ಆ ಕಾರ್ಡನ್ನು ಬೇರೊಂದು ಯಂತ್ರದಲ್ಲಿ ಕೂಡಿಸಿ ಪರೀಕ್ಷಿಸಬೇಕು. ಅಲ್ಲಿಯೂ ನಡೆಯದಿದ್ದರೆ ಕಾರ್ಡೇ ಕೆಟ್ಟದ್ದು. ಅಲ್ಲಿ ನಡೆದರೆ ನಮ್ಮ ಯಂತ್ರಕ್ಕೂ ಅದಕ್ಕೂ ಹೊಂದಿಕೆಯಿಲ್ಲ. ಆಗಲೂ ಯಂತ್ರವನ್ನು ಬಿಸಾಡಬೇಕಾಗಿಲ್ಲ. ಯುಎಸ್‌ಬಿ ಜಾಗಕ್ಕೆ ಚುಚ್ಚುವ ಚಿಕ್ಕ ವೈಫೈ ಸಾಧನವು ಸ್ಲಾಟಿನ ತೊಡಕನ್ನೂ ಬಯಾಸಿನ ತಡೆಯನ್ನೂ ಸಾಮಾನ್ಯವಾಗಿ ತಪ್ಪಿಸುವುದು. ಅದಕ್ಕೂ ತಕ್ಕ ಡ್ರೈವರ್ ಉಂಟೋ ಎಂದು ಮಾತ್ರ ಮೊದಲೇ ನೋಡಬೇಕು. ಗೋಡೆಯ ಅಂಚಿನಲ್ಲಿ ತಂತಿಯನ್ನು ಎಳೆಯಲು ಸಾಧ್ಯವಾದರೆ ಅದಕ್ಕಿಂತ ಸ್ಥಿರವಾದ ಸಂಪರ್ಕವು ಬೇರೊಂದಿಲ್ಲ.

ತಂದೆತಾಯಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಯಂತ್ರದ ಮುಚ್ಚಳವನ್ನು ತೆಗೆಯುವ ಕೆಲಸವನ್ನು ಮಗನಿಗೋ ಅಂಗಡಿಯವನಿಗೋ ಬಿಟ್ಟು ಮಗಳನ್ನು ಬಾಗಿಲ ಬಳಿ ನಿಲ್ಲಿಸಬೇಡಿರಿ. ಇಲ್ಲಿ ಬೇಕಾಗುವುದು ತೋಳ್ಬಲವಲ್ಲ. ಓದಿ ತಿಳಿಯುವ ಕಣ್ಣು, ಕ್ರಮ ತಪ್ಪದ ಬುದ್ಧಿ, ತಾಳ್ಮೆಯುಳ್ಳ ಕೈ. ಹೊಲಿಗೆಯ ಪಾಠದಲ್ಲಿಯೂ ರಸಾಯನಶಾಸ್ತ್ರದ ಮೇಜಿನ ಮೇಲೆಯೂ ಅವಳು ಇವುಗಳನ್ನೇ ಕಲಿಯುತ್ತಾಳೆ. ಕೆಲಸವು ಮುಗಿದ ಮೇಲೆ ಬೋರ್ಡಿನ ಹೆಸರು, ಕಾರ್ಡಿನ ಎರಡು ಗುರುತುಗಳು, ಡ್ರೈವರಿನ ತಾರೀಖು ಇವುಗಳನ್ನು ಚೀಟಿಯಲ್ಲಿ ಅವಳ ಕೈಯಿಂದಲೇ ಬರೆಯಿಸಿ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿರಿ. ಮುಂದೆ ಯಾರು ಆ ಯಂತ್ರವನ್ನು ತೆರೆದರೂ ಮೊದಲು ಅವಳ ಬರಹವನ್ನು ಓದಿಯೇ ಕೆಲಸಕ್ಕೆ ಕೈಯಿಡುವರು.