ಟೈರು ಸವರಿ ನೋಡುವ ಮೇಸ್ತ್ರಿ

ಹೊಸಕೋಟೆಯ ಹಳೇ ಮದ್ರಾಸು ರಸ್ತೆ ಬದಿಯ ವೀಲ್ ಅಲೈನ್‌ಮೆಂಟ್ ಅಂಗಡಿಗಳಿಗೂ ಈಗ ಕ್ಯಾಮೆರಾ, ಕಂಪ್ಯೂಟರ್ ಬಂದಿವೆ. ಆದರೂ ಅಲ್ಲೊಬ್ಬ ಹಿರಿಯ ಮೇಸ್ತ್ರಿ, ಗಾಡಿ ನಿಂತ ಕೂಡಲೇ ಕುಕ್ಕರಗಾಲಲ್ಲಿ ಕೂತು ಮುಂದಿನ ಟೈರನ್ನು ಅಂಗೈಯಿಂದ ಸವರುತ್ತಾರೆ. ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಇನ್ನೊಮ್ಮೆ. ಒಳಕ್ಕೆ ಹೋಗುವಾಗ ನುಣುಪಾಗಿದ್ದು, ಹೊರಕ್ಕೆ ಎಳೆದಾಗ ಗರಗಸದ ಹಲ್ಲಿನಂತೆ ಕೈಗೆ ತಡೆದರೆ ಟೋ-ಇನ್ ಜಾಸ್ತಿ. ಅಂದರೆ ಎರಡೂ ಚಕ್ರಗಳ ಮೂತಿ ಮಿತಿಮೀರಿ ಒಳಕ್ಕೆ ತಿರುಗಿದೆ. ಉಲ್ಟಾ ಆದರೆ ಟೋ-ಔಟ್. ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಚಕ್ರ ವಾಲಿರಬೇಕು, ಕ್ಯಾಂಬರ್ ನೋಡಬೇಕು. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಹಿಡಿಸಿದ್ದೀರಿ, ಅಲೈನ್‌ಮೆಂಟ್‌ಗೆ ದುಡ್ಡು ಸುರಿಯಬೇಡಿ ಎಂದು ಕಳಿಸಿಬಿಡುತ್ತಾರೆ.

ಅವರು ಕೆಲಸ ಕಲಿತದ್ದು ಲಾರಿ, ಅಂಬಾಸಿಡರ್, ಪದ್ಮಿನಿಗಳ ಮೇಲೆ, ಚಕ್ರದ ಪಕ್ಕ ದಾರ ಕಟ್ಟಿ. ಆ ಗಾಡಿಗಳಲ್ಲಿ ಹಿಂದಿನ ಚಕ್ರ ತಳ್ಳುತ್ತದೆ, ಮುಂದಿನದು ಸುಮ್ಮನೆ ಉರುಳುತ್ತದೆ. ಓಡುವಾಗ ರಸ್ತೆ ಮುಂದಿನ ಚಕ್ರಗಳನ್ನು ಹಿಂದಕ್ಕೆ ಒತ್ತುತ್ತದೆ. ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಕೀಲುಗಳಲ್ಲಿ ಇರುವಷ್ಟು ಸಡಿಲಕ್ಕೆ ಚಕ್ರಗಳ ಮೂತಿ ಹೊರಕ್ಕೆ ತೆರೆದುಕೊಳ್ಳುತ್ತದೆ. ಅದಕ್ಕೇ ನಿಂತಾಗ ಸ್ವಲ್ಪ ಟೋ-ಇನ್ ಇಟ್ಟರೆ ಓಡುವಾಗ ನೆಟ್ಟಗಾಗುತ್ತದೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಈ ಲೆಕ್ಕವನ್ನೇ ತಿರುಗಿಸಿತು. ಅದರಲ್ಲಿ ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುತ್ತವೆ, ಎಳೆಯುತ್ತಾ ಒಳಕ್ಕೆ ತಿರುಗಲು ನೋಡುತ್ತವೆ. ಹಾಗಾಗಿ ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಟೋ ಸೊನ್ನೆಗೆ ಹತ್ತಿರ, ಕೆಲವಕ್ಕೆ ಕೂದಲೆಳೆಯಷ್ಟು ಹೊರಕ್ಕೆ. ಕಂಪನಿ ಕೊಟ್ಟ ಅಂಕಿಯೇ ಕೊನೆಯ ಮಾತು, ನಿಜ. ಆದರೆ ಆ ಅಂಕಿ ಯಾಕೆ ಹಾಗಿದೆ ಎಂದು ಗೊತ್ತಿದ್ದವರ ಕೈಗೆ ಗಾಡಿ ಕೊಡುವ ನೆಮ್ಮದಿಯೇ ಬೇರೆ.

ಹಿಂದಿನ ಚಕ್ರಗಳನ್ನು ಯಾರೂ ಕೇಳುವುದಿಲ್ಲ. ಲೋಡು ಹೊತ್ತ ಗಾಡಿಯಲ್ಲಿ ಕಮಾನು ಪಟ್ಟಿಯ ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ ಜರುಗಿ ಗಾಡಿ ಓರೆಯಾಗಿ ಓಡುತ್ತದೆ. ಮುಂದಿನ ಚಕ್ರಗಳ ಟೋ ಎಷ್ಟು ಸರಿಪಡಿಸಿದರೂ ಸ್ಟೇರಿಂಗ್ ನೆಟ್ಟಗೆ ನಿಲ್ಲದು.

ಹೊಸಕೋಟೆ 1998ರಿಂದ ವೋಲ್ವೋ ಲಾರಿ ತಯಾರಾಗುವ ತಾಲ್ಲೂಕು. ಚೆನ್ನೈ ಎಕ್ಸ್‌ಪ್ರೆಸ್‌ವೇ ಶುರುವಾಗುವುದೂ ಇಲ್ಲಿಂದಲೇ. ಎಕ್ಸ್‌ಪ್ರೆಸ್‌ವೇಯ ವೇಗಕ್ಕೆ ಹೋಗುವ ಮುನ್ನ ಚಕ್ರ ಅಲ್ಲಾಡಿಸಿ ಬಾಲ್ ಜಾಯಿಂಟ್, ಬೇರಿಂಗ್ ಸಡಿಲವಿದೆಯೇ ಎಂದು ನೋಡಲೇಬೇಕು. ಕೀಲು ಸಡಿಲವಿದ್ದರೆ ಕಂಪ್ಯೂಟರ್ ಪರದೆ ಹಸಿರು ತೋರಿಸಿದರೂ ಮತ್ತೆ ಟೈರು ತಿನ್ನುತ್ತದೆ. ಮೇಸ್ತ್ರಿ ಇದನ್ನು ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗರಿಗೆ ದಿನಾ ಹೇಳುತ್ತಾರೆ. ಆ ಹುಡುಗರು ಕಂಪ್ಯೂಟರ್ ಕಲಿತ ಕೂಡಲೇ ಬೆಂಗಳೂರಿನ ಶೋರೂಂ ಸೇರುತ್ತಾರೆ. ಅದಕ್ಕೆ ಮೇಸ್ತ್ರಿಗೆ ಸಿಟ್ಟಿಲ್ಲ. ಅಲ್ಲಿ ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದಲ್ಲ ಎನ್ನುತ್ತಾರೆ.