ತಟ್ಟೆ ಬೇರೆ ಇಡಬೇಕಾಗಿಲ್ಲ

ಕಾಮಾಲೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮವರ ಬಾಯಿಂದ ಹೊರಡುವ ಮುಂದಿನ ಮಾತು ನೆಲನೆಲ್ಲಿ. ಊರಿನಲ್ಲಿದ್ದಾಗ ಹಿತ್ತಿಲಿಗೆ ಹೋಗಿ ಒಂದು ಹಿಡಿ ಕಿತ್ತು ತಂದು, ಅರೆದು, ಹಾಲಿನಲ್ಲಿಯೋ ಮಜ್ಜಿಗೆಯಲ್ಲಿಯೋ ಕದಡಿ ಕುಡಿಸಿಬಿಡುತ್ತಿದ್ದರು. ಕೆಲವು ಕಡೆ ತೋಳಿಗೆ ಚುಟಿಗೆ ಹಾಕಿಸುವುದೂ ಇತ್ತು. ಆಮೇಲೆ ಕೆಲವು ವಾರ ಪಥ್ಯ. ಕಣ್ಣು ಬೆಳ್ಳಗಾಗುತ್ತಿತ್ತು, ಕೀರ್ತಿಯೆಲ್ಲ ನೆಲನೆಲ್ಲಿಗೆ ಸಲ್ಲುತ್ತಿತ್ತು. ನಿಜ ಹೇಳಬೇಕೆಂದರೆ, ಕೆಟ್ಟ ನೀರಿನಿಂದ ಬರುವ ಕಾಮಾಲೆ ಬಹುಪಾಲು ಜನರಲ್ಲಿ ತಾನಾಗಿಯೇ ಇಳಿಯುವಂಥದು.

ದೆಹಲಿಗೆ ಈ ನೀರಿನ ಕಾಮಾಲೆ ಹೊಸದಲ್ಲ. 1955ರ ಕೊನೆಯಲ್ಲಿ ಯಮುನೆಯ ಹರಿವು ಬದಲಾಗಿ, ನಜಫ್‌ಗಢ ನಾಲೆಯ ಕೊಳಚೆ ವಜೀರಾಬಾದಿನಲ್ಲಿ ನಗರಕ್ಕೆ ನೀರೆತ್ತುವ ಜಾಗಕ್ಕೇ ನುಗ್ಗಿತು. ಕೆಲವೇ ವಾರಗಳಲ್ಲಿ ಸುಮಾರು 29,300 ಜನರ ಕಣ್ಣು ಹಳದಿಯಾಯಿತು. ಅಂದಿನ ವೈದ್ಯರು ಅದನ್ನು ಈಗ ‘ಎ’ ಎಂದು ಕರೆಯುವ ಬಗೆಯ ಕಾಮಾಲೆ ಎಂದೇ ತಿಳಿದಿದ್ದರು. ಆಗ ತೆಗೆದಿರಿಸಿದ್ದ ರಕ್ತದ ಮಾದರಿಗಳನ್ನು ಪರೀಕ್ಷಿಸಿ ಅದು ‘ಎ’ ಅಲ್ಲವೆಂದು ತೋರಿಸಿಕೊಟ್ಟದ್ದು 1980ರಲ್ಲಿ. ಇಂದು ಅದನ್ನು ‘ಇ’ ಎಂದು ಗುರುತಿಸುತ್ತಾರೆ. ಎ, ಬಿ, ಸಿ, ಡಿ, ಇ ಎಂದು ಐದು ಹೆಸರು ಕೇಳಿ ಓದುಗರು ಗಾಬರಿಯಾಗಬಾರದು. ಎ ಮತ್ತು ಇ ಬಾಯಿಯ ಮೂಲಕ, ಕೆಟ್ಟ ನೀರು ಆಹಾರಗಳಿಂದ ಬರುವಂಥವು. ಉಳಿದವು ಮುಖ್ಯವಾಗಿ ರಕ್ತದ ದಾರಿಯಿಂದ ಬರುವಂಥವು. ಈ ಭೇದವೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ನಾವು ಇಲ್ಲಿ ಹೇಳಹೊರಟಿರುವುದು ‘ಸಿ’ಯ ವಿಚಾರ. ಇದರ ಮೋಸವೆಂದರೆ ಕಣ್ಣು ಹಳದಿಯಾಗದೆಯೇ ಇದು ವರ್ಷಾನುಗಟ್ಟಲೆ ಒಳಗೆ ಕುಳಿತಿರುತ್ತದೆ. ಸೋಂಕು ತಗಲಿದ ಹತ್ತು ಜನರಲ್ಲಿ ಸುಮಾರು ಮೂವರ ದೇಹ ಆರು ತಿಂಗಳೊಳಗೆ ತಾನೇ ಅದನ್ನು ಹೊರದೂಡುತ್ತದೆ. ಉಳಿದವರಲ್ಲಿ ಅದು ಬೀಡುಬಿಡುತ್ತದೆ. ಹಾಗೆ ಬೀಡುಬಿಟ್ಟವರಲ್ಲಿ ನೂರಕ್ಕೆ ಹದಿನೈದರಿಂದ ಮೂವತ್ತು ಮಂದಿಗೆ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಯಕೃತ್ತು ಗಟ್ಟಿಯಾಗಿ, ಗಂಟುಗಂಟಾಗಿ, ವೈದ್ಯರು ಸಿರೋಸಿಸ್ ಎನ್ನುವ ಸ್ಥಿತಿಗೆ ಬರುತ್ತದೆ. ಕೆಲವರಿಗೆ ಅಲ್ಲಿಂದ ಮುಂದೆ ಕ್ಯಾನ್ಸರು. ಅಲ್ಲಿಯವರೆಗೂ ರೋಗಿಗೆ ತಿಳಿಯುವುದು ಸ್ವಲ್ಪ ಆಯಾಸ, ಅಷ್ಟೆ. ದೆಹಲಿಯ ಬಸ್ಸು, ಮೆಟ್ರೊ, ಆಫೀಸು, ಬಿಸಿಲು ಇವುಗಳ ನಡುವೆ ಆಯಾಸವಿಲ್ಲದವರು ಯಾರು?

ಮುನಿರ್ಕಾದಲ್ಲಿ ನಮಗೆ ಬೇಕಾದವರ ಮನೆಯೊಂದುಂಟು. ಗದಗಿನ ಕಡೆಯವರು, ಡಿ.ಡಿ.ಎ. ಫ್ಲ್ಯಾಟಿನಲ್ಲಿ ಗಂಡ, ಹೆಂಡತಿ, ಮಗ, ಸೊಸೆ, ಒಬ್ಬ ಮೊಮ್ಮಗ. ಅರವತ್ತು ದಾಟಿದ ಅತ್ತೆಯವರಿಗೆ ಕಣ್ಣಿನ ಪೊರೆ ತೆಗೆಸಬೇಕೆಂದು ಹೊರಟಾಗ, ಶಸ್ತ್ರಚಿಕಿತ್ಸೆಗೆ ಮುಂಚಿನ ರಕ್ತಪರೀಕ್ಷೆಯಲ್ಲಿ ‘ಸಿ’ ಇರಬಹುದೆಂದು ಬಂತು. ಕುಡಿಯದ, ಮಾಂಸ ಮುಟ್ಟದ, ವಾರಕ್ಕೆರಡು ಉಪವಾಸ ಮಾಡುವ ಹೆಂಗಸಿಗೆ ಲಿವರಿನ ರೋಗವೆಂದರೆ ಮನೆಯವರಿಗೆ ನಂಬಿಕೆಯೇ ಬರಲಿಲ್ಲ. ಕೆದಕಿ ಕೇಳಿದ ಮೇಲೆ ತಿಳಿದದ್ದು: 1990ರ ದಶಕದ ಆರಂಭದಲ್ಲಿ ಗರ್ಭಕೋಶದ ಶಸ್ತ್ರಚಿಕಿತ್ಸೆಯಾದಾಗ ಎರಡು ಬಾಟಲಿ ರಕ್ತ ಕೊಟ್ಟಿದ್ದರು.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಬೇಕು. ಅಮೆರಿಕದ ವೈದ್ಯ ಹಾರ್ವೆ ಆಲ್ಟರ್ ರಕ್ತ ಪಡೆದವರಿಗೆ ಬರುವ ಕಾಮಾಲೆಯನ್ನು ಅಭ್ಯಾಸ ಮಾಡುತ್ತ, 1970ರ ದಶಕದಲ್ಲಿಯೇ ಅದರಲ್ಲಿ ಬಹುಭಾಗ ‘ಎ’ಯೂ ಅಲ್ಲ ‘ಬಿ’ಯೂ ಅಲ್ಲವೆಂದು ತೋರಿಸಿದ್ದರು. ಕಳ್ಳನಿದ್ದಾನೆಂದು ಗೊತ್ತು, ಮುಖ ಗೊತ್ತಿಲ್ಲ! 1989ರಲ್ಲಿ ಮೈಕಲ್ ಹೌಟನ್ ಮತ್ತು ಅವರ ಸಂಗಡಿಗರು ಆ ವೈರಸ್ಸಿನ ಗುರುತು ಹಿಡಿದರು. ಈ ಇಬ್ಬರಿಗೂ, ಇದೊಂದೇ ವೈರಸ್ಸು ರೋಗ ತರಬಲ್ಲದೆಂದು ಸಾಧಿಸಿದ ಚಾರ್ಲ್ಸ್ ರೈಸ್ ಅವರಿಗೂ 2020ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮ ದೇಶದ ರಕ್ತನಿಧಿಗಳಲ್ಲಿ ಪ್ರತಿಯೊಂದು ಬಾಟಲಿಯನ್ನೂ ‘ಸಿ’ಗಾಗಿ ಪರೀಕ್ಷಿಸಲೇಬೇಕೆಂಬ ಕಟ್ಟಳೆಯಾದದ್ದು 2001ರಲ್ಲಿ. ಆದಕಾರಣ ಅದಕ್ಕೂ ಹಿಂದೆ ಬಾಣಂತನದಲ್ಲಿಯೋ, ಅಪಘಾತದಲ್ಲಿಯೋ, ಶಸ್ತ್ರಚಿಕಿತ್ಸೆಯಲ್ಲಿಯೋ ರಕ್ತ ಪಡೆದವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಒಂದೇ ಸೂಜಿಯನ್ನು ಬಿಸಿನೀರಿನಲ್ಲಿ ಅದ್ದಿ ಹತ್ತು ಜನರಿಗೆ ಚುಚ್ಚುತ್ತಿದ್ದ ಡಾಕ್ಟರರ ಕಾಲವನ್ನು ಕಂಡವರಿಗೂ ಇದೇ ಮಾತು. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಹಚ್ಚೆ ಹಾಕಿಸಿಕೊಂಡ ಹುಡುಗರು, ಎಂದಾದರೂ ಮಾದಕದ್ರವ್ಯವನ್ನು ಚುಚ್ಚಿಕೊಂಡವರು ಇವರೆಲ್ಲ ಇದೇ ಸಾಲಿನವರು. ಕೊನೆಯ ಮಾತು ನಮ್ಮ ಮಕ್ಕಳಿಗೆ ಸಂಬಂಧಿಸಿದ್ದಲ್ಲವೆಂದು ಮುಖ ತಿರುಗಿಸುವುದು ಬೇಡ. ಈ ಊರು ದೊಡ್ಡದು.

ಆ ಮನೆಯಲ್ಲಿ ಮೊದಲು ಆದ ಕೆಲಸ ಔಷಧವಲ್ಲ, ತಟ್ಟೆ ಬೇರೆ ಮಾಡಿದ್ದು. ಸೊಸೆ ಓದಿದ ಹುಡುಗಿ, ಕೆಟ್ಟವಳಲ್ಲ. ಮಗುವಿನ ಮೇಲಿನ ಭಯ. ಅತ್ತೆಯವರಿಗೆ ಬೇರೆ ತಾಟು, ಬೇರೆ ವಾಟಗ, ಮೊಮ್ಮಗ ಅಜ್ಜಿಯ ಮಗ್ಗುಲಲ್ಲಿ ಮಲಗಬಾರದು, ಅಡಿಗೆಮನೆಗೆ ಅಜ್ಜಿ ಬರಬಾರದು. ನೆರೆಯವರಿಗೆ ‘ಅಸಿಡಿಟಿ’ ಎಂದು ಹೇಳಿದ್ದಾಯಿತು. ಮೂರು ವಾರ ಹೀಗೆ ನಡೆದ ಮೇಲೆ ಅತ್ತೆಯವರು ಒಂದು ದಿನ, “ಇಷ್ಟು ವರ್ಷ ನನ್ನ ಕೈಯಿನ ರೊಟ್ಟಿ ಉಂಡೀರಿ. ಆವಾಗ ಬರಲಾರದ್ದು ಈಗ ತಾಟಿನಾಗಿಂದ ಬರ್ತದೇನವ್ವಾ?” ಎಂದರಂತೆ. ವೈದ್ಯಶಾಸ್ತ್ರದ ಯಾವ ಪುಸ್ತಕವೂ ಇದಕ್ಕಿಂತ ಸರಿಯಾಗಿ ಹೇಳಲಾರದು.

ಹೆಪಟೈಟಿಸ್ ಸಿ ಅನ್ನದಿಂದ, ನೀರಿನಿಂದ, ಎಂಜಲಿನಿಂದ, ಕೆಮ್ಮಿನಿಂದ, ಅಪ್ಪಿಕೊಳ್ಳುವುದರಿಂದ, ಒಂದೇ ಹಾಸಿಗೆಯಲ್ಲಿ ಮಗುವನ್ನು ಮಲಗಿಸಿಕೊಳ್ಳುವುದರಿಂದ ಬರುವುದಿಲ್ಲ. ತಾಯಿ ಮೊಲೆಯೂಡಿಸಬಹುದು, ತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಮಾತ್ರ ಆ ದಿನಗಳಲ್ಲಿ ಬೇಡ. ಬೇರೆ ಇಡಬೇಕಾದದ್ದು ತಟ್ಟೆಯನ್ನಲ್ಲ. ಕ್ಷೌರದ ಬ್ಲೇಡನ್ನು, ಹಲ್ಲುಜ್ಜುವ ಬ್ರಷ್ಷನ್ನು, ಉಗುರುಕತ್ತರಿಯನ್ನು, ಸಕ್ಕರೆರೋಗಿಗಳು ಬೆರಳು ಚುಚ್ಚಿಕೊಳ್ಳುವ ಸೂಜಿಯನ್ನು. ರಕ್ತ ಅಂಟುವ ಸಾಧ್ಯತೆ ಇರುವುದು ಇವುಗಳಿಗೆ. ಗಾಯವಾದರೆ ಮುಚ್ಚಿ ಕಟ್ಟಬೇಕು. ನಮ್ಮ ಮನೆಗಳಲ್ಲಿ ಒಂದೇ ಉಗುರುಕತ್ತರಿ ಅಜ್ಜನಿಂದ ಮೊಮ್ಮಗನವರೆಗೆ ಮೂರು ತಲೆಮಾರಿಗೆ ಸಾಗುತ್ತದೆ. ತಾಟಿನ ವಿಷಯದಲ್ಲಿ ಅಷ್ಟು ಜಾಗರೂಕತೆ, ಇದರ ವಿಷಯದಲ್ಲಿ ಏನೂ ಇಲ್ಲ. ಕ್ಷೌರದಂಗಡಿಯಲ್ಲಿ ನಮ್ಮ ಕಣ್ಣೆದುರಿಗೇ ಹೊಸ ಬ್ಲೇಡು ಹಾಕಿಸುವುದನ್ನೂ, ಮಗುವಿನ ಕಿವಿ ಚುಚ್ಚಿಸುವಾಗ ಹೊಸ ಸೂಜಿ ಕೇಳುವುದನ್ನೂ ಯಾವ ಸಂಕೋಚವೂ ಇಲ್ಲದೆ ಮಾಡಬೇಕು. ದಂಪತಿಗಳ ಸಂಬಂಧದಲ್ಲಿ ಇದು ಹರಡುವ ಸಂಭವ ಬಹಳ ಕಡಮೆ. ಆದರೂ ಗಂಡಹೆಂಡಿರಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುವುದು ಸರಿ. ಸೋಂಕುಳ್ಳ ತಾಯಿಯಿಂದ ಹುಟ್ಟುವ ಮಗುವಿಗೆ ಬರುವುದು ನೂರಕ್ಕೆ ಐದಾರು ಸಂದರ್ಭಗಳಲ್ಲಿ. ಮುನಿರ್ಕಾದ ಮನೆಯಲ್ಲಿ ಯಜಮಾನರಿಗೂ ಮಗನಿಗೂ ಪರೀಕ್ಷೆಯಾಯಿತು; ಇಬ್ಬರಿಗೂ ಇರಲಿಲ್ಲ.

ಪರೀಕ್ಷೆಗಳು ಎರಡು, ಇವೆರಡನ್ನು ಒಂದೆಂದು ತಿಳಿದು ಕಂಗೆಡುವವರು ಬಹಳ. ಮೊದಲನೆಯದು ಪ್ರತಿಕಾಯದ ಪರೀಕ್ಷೆ: ವೈರಸ್ಸು ಎಂದಾದರೂ ದೇಹವನ್ನು ಹೊಕ್ಕಿತ್ತೇ ಎಂಬುದನ್ನಷ್ಟೇ ಅದು ಹೇಳುತ್ತದೆ. ಈಗಲೂ ಇದೆಯೇ ಎಂಬುದನ್ನು ಹೇಳುವುದು ಆರ್.ಎನ್.ಎ. ಪರೀಕ್ಷೆ, ಲ್ಯಾಬಿನವರು ಅದನ್ನೇ ವೈರಲ್ ಲೋಡ್ ಎನ್ನುವುದು. ಮೊದಲನೆಯದು ಪಾಸಿಟಿವ್ ಬಂದಿತೆಂದು ರಾತ್ರಿಯಿಡೀ ಅಳುವ ಮುನ್ನ ಎರಡನೆಯದನ್ನು ಮಾಡಿಸಬೇಕು. ಅದೂ ಪಾಸಿಟಿವ್ ಆದರೆ ಯಕೃತ್ತು ಎಷ್ಟು ಗಟ್ಟಿಯಾಗಿದೆಯೆಂದು ರಕ್ತಪರೀಕ್ಷೆಗಳಿಂದಲೂ, ಫೈಬ್ರೊಸ್ಕ್ಯಾನ್ ಎಂಬ ನೋವಿಲ್ಲದ ಯಂತ್ರದಿಂದಲೂ ನೋಡುತ್ತಾರೆ. ಔಷಧ ಆರಂಭಿಸುವ ಮೊದಲು ‘ಬಿ’ ಇದೆಯೇ ಎಂದೂ ನೋಡಲೇಬೇಕು; ‘ಸಿ’ಯನ್ನು ಓಡಿಸುವಾಗ ಮಲಗಿದ್ದ ‘ಬಿ’ ಎದ್ದು ಕೂಡುವುದುಂಟು.

ಇನ್ನು ಔಷಧದ ಮಾತು. ಹಿಂದೆ ಇದಕ್ಕೆ ಇದ್ದದ್ದು ಇಂಟರ್‌ಫೆರಾನ್ ಎಂಬ ಚುಚ್ಚುಮದ್ದು ಮತ್ತು ರೈಬಾವೈರಿನ್ ಮಾತ್ರೆ. ಆರು ತಿಂಗಳು, ಕೆಲವರಿಗೆ ಒಂದು ವರ್ಷ. ಪ್ರತಿ ಸೂಜಿಗೂ ಜ್ವರ, ಮೈಕೈ ನೋವು, ಕೂದಲುದುರುವುದು, ಮನಸ್ಸು ಕುಗ್ಗುವುದು. ಇಷ್ಟಾಗಿಯೂ ಗುಣವಾಗುವ ಖಾತರಿಯಿಲ್ಲ. ಆ ಕಾಲದ ರೋಗಿಗಳನ್ನು ಕಂಡವರು ಇಂದಿಗೂ ‘ಆ ಚಿಕಿತ್ಸೆ ಬೇಡಪ್ಪ’ ಎನ್ನುತ್ತಾರೆ. ಅವರಿಗೆ ನಾವು ಹೇಳುವುದಿಷ್ಟೆ, ಅದು ಹೋಯಿತು. 2013ರ ಕೊನೆಯಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಎಂಬ ಮಾತ್ರೆ ಬಂತು. ಬೆಲೆ ಒಂದು ಮಾತ್ರೆಗೆ 1,000 ಡಾಲರ್, ಹನ್ನೆರಡು ವಾರಗಳಿಗೆ 84,000 ಡಾಲರ್! ಮುನಿರ್ಕಾದ ಫ್ಲ್ಯಾಟು ಮಾರಿ ಕೊಳ್ಳಬೇಕಾದ ಔಷಧ. 2014ರಲ್ಲಿ ಅದನ್ನು ತಯಾರಿಸಲು ಭಾರತದ ಕಂಪನಿಗಳಿಗೆ ಲೈಸೆನ್ಸು ದೊರೆಯಿತು. ನಮ್ಮ ಬೆಂಗಳೂರಿನ ಸ್ಟ್ರೈಡ್ಸ್ ಸಹ ಅವುಗಳಲ್ಲೊಂದು. 2015ರಿಂದ ದೇಶೀಯ ಮಾತ್ರೆಗಳು ಬಂದು ಬೆಲೆ ಪಾತಾಳಕ್ಕಿಳಿಯಿತು. 2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಅದರ ಚಿಕಿತ್ಸಾಕೇಂದ್ರಗಳಲ್ಲಿ ಈ ಔಷಧಗಳನ್ನು ಪುಕ್ಕಟೆಯಾಗಿಯೇ ಕೊಡುತ್ತಾರೆ. ಸರ್ಕಾರದ ಕೆಲಸಗಳನ್ನು ಹೊಗಳುವ ಅಭ್ಯಾಸ ನಮಗೆ ಕಡಮೆ. ಇದನ್ನು ಹೊಗಳದಿದ್ದರೆ ಅನ್ಯಾಯ.

ಯಕೃತ್ತು ಗಟ್ಟಿಯಾಗಿಲ್ಲದವರಿಗೆ ಸಾಮಾನ್ಯವಾಗಿ ಸೊಫೊಸ್ಬುವಿರ್ ಮತ್ತು ಡಕ್ಲಾಟಸ್ವಿರ್, ದಿನಕ್ಕೊಮ್ಮೆ, ಹನ್ನೆರಡು ವಾರ. ಸಿರೋಸಿಸ್ ಆದವರಿಗೆ ಡಕ್ಲಾಟಸ್ವಿರ್ ಬದಲು ವೆಲ್ಪಟಸ್ವಿರ್ ಕೊಡುವುದುಂಟು, ಕೆಲವರಿಗೆ ಅವಧಿ ಹೆಚ್ಚು. ನೂರರಲ್ಲಿ ತೊಂಬತ್ತೈದಕ್ಕೂ ಮಿಕ್ಕಿ ಜನರಿಗೆ ಪೂರ್ಣ ಗುಣ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಹೆರಿಗೆಯಾದ ಮೇಲೆಯೇ ಚಿಕಿತ್ಸೆ. ಬೇರೆ ಮಾತ್ರೆಗಳನ್ನು ನುಂಗುತ್ತಿರುವವರು ಅವುಗಳ ಚೀಟಿಯನ್ನು ವೈದ್ಯರಿಗೆ ತೋರಿಸದೆ ಇದನ್ನು ಆರಂಭಿಸಬಾರದು: ಮೂರ್ಛೆರೋಗದ ಕೆಲವು ಮಾತ್ರೆಗಳು ಮತ್ತು ಕ್ಷಯದ ರಿಫಾಂಪಿಸಿನ್ ಈ ಔಷಧವನ್ನು ನಿಷ್ಫಲ ಮಾಡುತ್ತವೆ, ಎದೆಬಡಿತಕ್ಕೆ ಕೊಡುವ ಅಮಿಯೊಡರೋನ್ ಇದರೊಡನೆ ಸೇರಿದರೆ ಅಪಾಯ, ಎದೆಯುರಿಗೆಂದು ನಾವೇ ಅಂಗಡಿಯಿಂದ ತಂದು ನುಂಗುವ ಮಾತ್ರೆ ವೆಲ್ಪಟಸ್ವಿರನ್ನು ಮೈಗೆ ಹತ್ತಗೊಡುವುದಿಲ್ಲ.

ಮುನಿರ್ಕಾದ ಅತ್ತೆಯವರಿಗೆ ಸಿರೋಸಿಸ್ ಆಗಿರಲಿಲ್ಲ. ಎಂಬತ್ತನಾಲ್ಕು ದಿನ, ಎಂಬತ್ತನಾಲ್ಕು ಸಲ. ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಕುಂಕುಮದಿಂದ ಒಂದು ಬೊಟ್ಟಿಡುತ್ತಿದ್ದರು. ಏಕಾದಶಿಯ ದಿನ ಮಾಡುವುದೇನೆಂದು ಸೊಸೆ ಕೇಳಿದಳು. ಈ ಮಾತ್ರೆಗೆ ಊಟ ಬೇಕೆಂದಿಲ್ಲ, ಬರಿಯ ಹೊಟ್ಟೆಯಲ್ಲಿಯೂ ನಡೆಯುತ್ತದೆ ಎಂದರು ವೈದ್ಯರು. ಔಷಧಕ್ಕೆ ಏಕಾದಶಿಯಿಲ್ಲವೆಂದು ಅತ್ತೆಯವರು ತಾವೇ ತೀರ್ಪಿತ್ತರು. ಸ್ವಲ್ಪ ತಲೆನೋವು, ಸ್ವಲ್ಪ ಸುಸ್ತು ಬಿಟ್ಟರೆ ಮತ್ತೇನೂ ಆಗಲಿಲ್ಲ. ನಡುವೆ ಒಂದು ಮದುವೆಗೆಂದು ಗದಗಿಗೆ ಹೋದಾಗ ಮಾತ್ರೆಯ ಡಬ್ಬಿಯನ್ನು ರೈಲಿನಲ್ಲಿ ಸೂಟ್‌ಕೇಸಿನಲ್ಲಿಡದೆ ಕೈಚೀಲದಲ್ಲಿಯೇ ಇಟ್ಟುಕೊಂಡಿದ್ದರು. ದಿನ ತಪ್ಪಿಸಬಾರದು, ಆರಾಮವೆನಿಸಿತೆಂದು ನಡುವೆ ನಿಲ್ಲಿಸಬಾರದು.

ಮನೆಮದ್ದಿನ ಪ್ರಿಯರಿಗೆ ಒಂದು ಮಾತು. ನೆಲನೆಲ್ಲಿಯನ್ನು ‘ಬಿ’ಗೆ ಮದರಾಸಿನ ವೈದ್ಯರು ಪ್ರಯೋಗಿಸಿ 1988ರಲ್ಲಿ ಒಳ್ಳೆಯ ಫಲ ಕಂಡೆವೆಂದು ಪ್ರಕಟಿಸಿದ್ದು ನಿಜ. ಮುಂದೆ ಬೇರೆಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಕಾಣಲಿಲ್ಲ. ‘ಸಿ’ಯನ್ನು ಅದು ಓಡಿಸುವುದಿಲ್ಲ. ಅಮೃತಬಳ್ಳಿಯ ಕಷಾಯವನ್ನು ಕೋವಿಡ್ ಕಾಲದಲ್ಲಿ ಮಿತಿಮೀರಿ ಕುಡಿದು ಯಕೃತ್ತನ್ನೇ ಕೆಡಿಸಿಕೊಂಡವರ ವರದಿಯನ್ನು 2021ರಲ್ಲಿ ಮುಂಬಯಿಯ ವೈದ್ಯರು ಪ್ರಕಟಿಸಿದ್ದಾರೆ. ಸಾರಿನಲ್ಲಿ ಹಾಕುವ ಅರಿಶಿನಕ್ಕೆ ಅಡ್ಡಿಯಿಲ್ಲ. ಗುಳಿಗೆಯಾಗಿ ಮಾರುವ ಅರಿಶಿನದ ಸಾರ ಬೇಡ. ಎಣ್ಣೆತುಪ್ಪ ಪೂರ್ತಿ ಬಿಟ್ಟು ಬರಿಯ ಗಂಜಿ ಕುಡಿದು ಸೊರಗಬೇಕಾದ ಪಥ್ಯವೂ ಬೇಡ. ಬೇಳೆ, ಮೊಸರು, ತರಕಾರಿ ಎಂದಿನಂತೆ ಉಣ್ಣಬಹುದು. ಬಿಡಲೇಬೇಕಾದದ್ದು ಹೆಂಡ, ವಿಸ್ಕಿ, ಬೀರು. ‘ಮದುವೆಯಲ್ಲೊಂದು ಗ್ಲಾಸು’ ಎಂಬುದೂ ಅದರಲ್ಲಿ ಸೇರಿತು. ಕಾಫಿಯ ವಿಷಯದಲ್ಲಿ ಮಾತ್ರ ನಮ್ಮವರಿಗೆ ಶುಭವಾರ್ತೆ: ದಿನಕ್ಕೆ ಎರಡು ಮೂರು ಲೋಟ ಕಾಫಿ ಕುಡಿಯುವವರ ಯಕೃತ್ತು ನಿಧಾನವಾಗಿ ಗಟ್ಟಿಯಾಗುತ್ತದೆಂದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಸಕ್ಕರೆ ಕಡಮೆ ಇರಲಿ.

ಮುನಿರ್ಕಾದವರಿಗೆ ಆಸ್ಪತ್ರೆ ದೂರವಿಲ್ಲ. ನೆಲ್ಸನ್ ಮಂಡೇಲಾ ಮಾರ್ಗ ಹಿಡಿದು ಜೆ.ಎನ್.ಯು. ಪಕ್ಕದಿಂದ ಹೋದರೆ ವಸಂತಕುಂಜದಲ್ಲಿ ದೆಹಲಿ ಸರ್ಕಾರದ ಯಕೃತ್ತಿನ ಸಂಸ್ಥೆ ಐ.ಎಲ್.ಬಿ.ಎಸ್. ಇದೆ, 2010ರಲ್ಲಿ ಆರಂಭವಾದದ್ದು. ಇನ್ನೊಂದು ದಿಕ್ಕಿನಲ್ಲಿ ಸಫ್ದರ್‌ಜಂಗ್ ಮತ್ತು ಏಮ್ಸ್. ಎಲ್ಲಿಗೇ ಹೋದರೂ ರಾಷ್ಟ್ರೀಯ ಕಾರ್ಯಕ್ರಮದಡಿಯಲ್ಲಿ ಔಷಧ ಎಲ್ಲಿ ದೊರೆಯುತ್ತದೆ, ಯಾವ ಪರೀಕ್ಷೆಗೆ ಹಣ ಕಟ್ಟಬೇಕು ಎಂದು ಮೊದಲೇ ವಿಚಾರಿಸಿಕೊಂಡರೆ ಒಂದೆರಡು ಸಲದ ಓಡಾಟ ತಪ್ಪುತ್ತದೆ. ಕಾರ್ಯಕ್ರಮ ದೇಶಕ್ಕೆಲ್ಲ ಸೇರಿದ್ದಾದ್ದರಿಂದ, ಊರಿನಲ್ಲಿರುವ ತಂದೆತಾಯಿಗಳನ್ನು ಇದಕ್ಕಾಗಿ ದೆಹಲಿಗೆ ಕರೆಸಿಕೊಳ್ಳಬೇಕಾಗಿಲ್ಲ. ಅಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ಕೇಳಬಹುದು.

ರಾಮಕೃಷ್ಣಪುರದ ಸಂಘದ ಭವನದಲ್ಲಿ ನಾಟಕಕ್ಕೋ ಹಬ್ಬಕ್ಕೋ ಸೇರಿದಾಗ ನಾವು ಸಕ್ಕರೆರೋಗ, ಬಿ.ಪಿ., ಮಂಡಿನೋವುಗಳ ವಿಷಯವನ್ನು ಧಾರಾಳವಾಗಿ ಮಾತಾಡುತ್ತೇವೆ. ಇದರ ಮಾತು ಬಂದರೆ ಮಾತ್ರ ದನಿ ತಗ್ಗುತ್ತದೆ. ಕುಡಿತದ, ನಡತೆಯ ಸಂಶಯ ಹಿಂದೆಯೇ ಬರುತ್ತದೆಂಬ ಅಂಜಿಕೆ. ಮಗಳ ಮದುವೆಯ ಮಾತಿಗೆ ಅಡ್ಡಿಯಾದೀತೆಂಬ ಅಂಜಿಕೆ. ಸಕ್ಕರೆರೋಗಕ್ಕೆ ಜೀವನಪೂರ್ತಿ ಮಾತ್ರೆ. ಇದಕ್ಕೆ ಮೂರು ತಿಂಗಳು. ನಾಚಿಕೆಯಿಂದ ಹತ್ತು ವರ್ಷ ಮುಚ್ಚಿಟ್ಟವರಿಗೆ ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ಕಾರಿದ ಮೇಲೆ ಗೊತ್ತಾಗುವುದನ್ನು ನಾವು ಕಂಡಿದ್ದೇವೆ.

ಔಷಧ ಮುಗಿದ ಹನ್ನೆರಡು ವಾರಗಳ ಮೇಲೆ ಇನ್ನೊಮ್ಮೆ ಆರ್.ಎನ್.ಎ. ಪರೀಕ್ಷೆ; ಅದರಲ್ಲಿ ವೈರಸ್ಸು ಕಾಣದಿದ್ದರೆ ಗುಣವಾಯಿತೆಂದು ಅರ್ಥ. ಮುನಿರ್ಕಾದ ಅತ್ತೆಯವರಿಗೆ ಕಾಣಲಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯೂ ಆಯಿತು. ಸಿರೋಸಿಸ್ ಆಗಿಹೋಗಿದ್ದವರು ಮಾತ್ರ ಗುಣವಾದ ಮೇಲೆಯೂ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುತ್ತಿರಬೇಕು, ಕ್ಯಾನ್ಸರಿನ ಕಾವಲಿಗಾಗಿ. ‘ಸಿ’ಗೆ ಲಸಿಕೆಯಿಲ್ಲ, ಒಮ್ಮೆ ಗುಣವಾದವರಿಗೆ ಮತ್ತೆ ತಗಲಲೂಬಹುದು. ‘ಎ’ ಮತ್ತು ‘ಬಿ’ಗಳಿಗೆ ಲಸಿಕೆಯುಂಟು, ಹಾಕಿಸಿಕೊಳ್ಳಬಹುದು.

ಕಡೆಯದಾಗಿ, ಗುಣವಾದವರು ಆ ಕೊನೆಯ ವರದಿಯ ಕಾಗದವನ್ನು ಜೋಪಾನವಾಗಿ ಇಟ್ಟಿರಬೇಕು. ಪ್ರತಿಕಾಯದ ಪರೀಕ್ಷೆ ಮುಂದೆಯೂ ಪಾಸಿಟಿವ್ ಎಂದೇ ಬರುತ್ತಿರುತ್ತದೆ. ಆ ಕಾರಣಕ್ಕೆ ರಕ್ತದಾನ ಮಾಡುವಂತಿಲ್ಲ. ಹೊಸ ಆಸ್ಪತ್ರೆ, ವಿಮೆ, ಮಗನ ಊರಿಗೆ ವರ್ಗ, ಹೀಗೆ ಎಲ್ಲಿಯಾದರೂ ಯಾರಾದರೂ ಆ ಹಳೆಯ ಪ್ರಶ್ನೆಯನ್ನು ಎತ್ತಿದರೆ ತೋರಿಸಲು ಆರ್.ಎನ್.ಎ. ವರದಿಯ ಎರಡು ಜೆರಾಕ್ಸ್ ಪ್ರತಿಗಳು ಪಾಸ್‌ಪುಸ್ತಕದ ಜೊತೆಗಿರಲಿ.