ಜಗ್ಗಬೇಡಿ, ಒಳಕ್ಕೆ ಒತ್ತಿ

"ಎಷ್ಟ್ ಜಗ್ಗಿದ್ರೂ ಗನ್ ಬರವಲ್ದ್ರೀ!" ಬೀದರಿನಲ್ಲಿ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರ ಬಾಯಲ್ಲಿ ಎಂದಾದರೂ ಈ ಮಾತು ಬಂದೀತು. ಬ್ಯಾಟರಿ ತುಂಬಿದೆ, ಭಾಲ್ಕಿಗೋ ಔರಾದಿಗೋ ಹೊರಡಬೇಕು, ಚಾರ್ಜಿಂಗ್ ಗನ್ ಮಾತ್ರ ಕಾರನ್ನು ಬಿಡುತ್ತಿಲ್ಲ. ಆಗ ಬಲ ಹಾಕಿ ಜಗ್ಗಿದಷ್ಟೂ ಅದು ಬಿಗಿಯಾಗುತ್ತದೆ.

ನಮ್ಮಲ್ಲಿ ಈಗ ಮಾರಾಟವಾಗುವ ಬಹುತೇಕ ಕಾರುಗಳದ್ದು ಸಿಸಿಎಸ್-2 ಮಾದರಿಯ ಪ್ಲಗ್. ಇದನ್ನು ಹಿಡಿದಿಡುವ ಚಿಲಕ ಇರುವುದು ಕಾರಿನಲ್ಲೇ. ಚಾರ್ಜಿಂಗ್ ಶುರುವಾಗುವ ಮೊದಲು ಪುಟ್ಟ ಮೋಟರೊಂದು ಸಣ್ಣ ಪಿನ್ ಅನ್ನು ಪ್ಲಗ್ಗಿನ ಗುಳಿಯೊಳಗೆ ತೂರಿಸುತ್ತದೆ. ಫಾಸ್ಟ್ ಚಾರ್ಜರಿನಿಂದ ಬರುವುದು ನೂರಾರು ವೋಲ್ಟಿನ ಡಿ.ಸಿ. ವಿದ್ಯುತ್. ಮನೆಯ ಎ.ಸಿ. ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಅಲ್ಲಿ ಹೊತ್ತಿದ ಕಿಡಿಗೆ ಆರಲು ಅವಕಾಶವಿದೆ. ಡಿ.ಸಿ.ಯಲ್ಲಿ ಆ ಬಿಡುವೇ ಇಲ್ಲ. ಹರಿವಿನ ನಡುವೆ ಪ್ಲಗ್ ಕಿತ್ತರೆ ಕಿಡಿ ಉದ್ದಕ್ಕೆ ಬೆಳೆದು ಕೈಯನ್ನೇ ಸುಟ್ಟೀತು. ಅದಕ್ಕೇ ವೋಲ್ಟೇಜ್ 60ಕ್ಕಿಂತ ಕೆಳಗಿಳಿಯದೆ ಚಿಲಕ ತೆರೆಯಬಾರದೆಂಬ ನಿಯಮ. ಈ ಹಟಮಾರಿ ಪಿನ್ ನಮ್ಮ ಜೀವದ ಕಾವಲಿಗೆ ಇರುವಂಥದ್ದು.

ಹಾಗಾದರೆ ಚಾರ್ಜಿಂಗ್ ನಿಂತ ಮೇಲೂ ಅದೇಕೆ ಸಿಕ್ಕಿಕೊಳ್ಳುತ್ತದೆ? ಹೆಚ್ಚಿನ ಸಲ ಕೇಬಲ್ಲಿನ ಭಾರದಿಂದ. ಡಿ.ಸಿ. ಕೇಬಲ್ ದಪ್ಪ, ಜೋತುಬಿದ್ದಾಗ ಪ್ಲಗ್ಗನ್ನು ಕೆಳಕ್ಕೆ ಎಳೆಯುತ್ತದೆ. ಗುಳಿಯ ಅಂಚು ಪಿನ್ನಿಗೆ ಒತ್ತಿ ನಿಂತರೆ ಪುಟ್ಟ ಮೋಟರಿಗೆ ಅದನ್ನು ಸರಿಸುವ ಶಕ್ತಿ ಸಾಲದು. ಮಳೆಗಾಲದಲ್ಲಿ ಉಬ್ಬಿದ ಬಾಗಿಲಿನ ಅಗಳಿ ತೆಗೆಯಲು ಬಾಗಿಲನ್ನು ಮೊದಲು ಒಳಕ್ಕೆ ತಳ್ಳುತ್ತೇವಲ್ಲ, ಇಲ್ಲಿಯೂ ಹಾಗೆಯೇ. ಬೀದರಿನ ಕೆಂಪು ಜಂಬಿಟ್ಟಿಗೆ ಧೂಳು, ಭಾಲ್ಕಿ, ಔರಾದಿನ ಎರೆಮಣ್ಣಿನ ಪುಡಿ ಪಿನ್ನಿನ ದಾರಿಯಲ್ಲಿ ಕೂತರೆ ತೊಂದರೆ ಇನ್ನೂ ಹೆಚ್ಚು. ಚಾರ್ಜಿಂಗ್ ಮುಗಿದ ಕೂಡಲೇ ಮುಚ್ಚಳ ಹಾಕುವುದು ನಮ್ಮ ಕಡೆಯ ರಸ್ತೆಗಳಿಗೆ ತೀರಾ ಅಗತ್ಯ.

ಮೊದಲು ಆ್ಯಪಿನಲ್ಲೋ ಚಾರ್ಜರಿನ ಪರದೆಯಲ್ಲೋ ಚಾರ್ಜಿಂಗ್ ನಿಲ್ಲಿಸಿ. ಒಂದೆರಡು ನಿಮಿಷ ಕಾಯಿರಿ. ಒಂದು ಕೈಯಲ್ಲಿ ಕೇಬಲ್ಲನ್ನು ಎತ್ತಿ ಹಿಡಿದು ಗನ್ನನ್ನು ಒಳಕ್ಕೆ ಒತ್ತಿ, ಇನ್ನೊಂದು ಕೈಯಿಂದ ಕೀಲಿಯ ಅನ್‌ಲಾಕ್ ಗುಂಡಿ ಅದುಮಿ. "ಟಕ್" ಎಂದು ಸದ್ದಾದರೆ ಪಿನ್ ಸರಿಯಿತೆಂದೇ ಅರ್ಥ, ನೇರವಾಗಿ ಎಳೆಯಿರಿ. ಆಗದಿದ್ದರೆ ಕಾರನ್ನು ಲಾಕ್ ಮಾಡಿ, ತೆರೆದು, ಮತ್ತೊಮ್ಮೆ ನೋಡಿ.

ನಡುವೆ ಕರೆಂಟು ಹೋಗಿ ಚಾರ್ಜರ್ ಸ್ತಬ್ಧವಾದರೂ ಕಾರಿನ ಚಿಲಕಕ್ಕೆ ಶಕ್ತಿ ಕೊಡುವುದು ಕಾರಿನದೇ 12 ವೋಲ್ಟ್ ಬ್ಯಾಟರಿ. ಆ ಸಣ್ಣ ಬ್ಯಾಟರಿ ಸೊರಗಿದ್ದರೆ ಮೋಟರ್ ತಿರುಗದು. ಹಲವು ಕಾರುಗಳಲ್ಲಿ ಡಿಕ್ಕಿಯ ಒಳಬದಿಯಲ್ಲೋ ಬಾನೆಟ್ಟಿನ ಕೆಳಗೋ ತುರ್ತಾಗಿ ಬಿಡಿಸುವ ಎಳೆಹಗ್ಗ ಇರುತ್ತದೆ. ಅದು ಎಲ್ಲಿದೆಯೆಂದು ಇವತ್ತೇ ಕೈಪಿಡಿ ತೆಗೆದು ನೋಡಿಟ್ಟುಕೊಳ್ಳಿ. ಆದರೆ ಚಾರ್ಜಿಂಗ್ ಪೂರ್ತಿ ನಿಂತಿದೆಯೆಂದು ಖಾತ್ರಿಯಾಗದೆ ಅದನ್ನು ಮುಟ್ಟಬಾರದು. ಎಣ್ಣೆ ಬಿಡುವುದು, ಸ್ಕ್ರೂಡ್ರೈವರ್ ತೂರಿಸುವುದು ಬೇಡವೇ ಬೇಡ.

ಮನೆಯ 15 ಆ್ಯಂಪಿಯರ್ ಸಾಕೆಟ್ಟಿನಲ್ಲಿ ಪ್ಲಗ್ ಅಂಟಿಕೊಂಡರೆ ಅದು ಬೇರೆಯೇ ರೋಗ. ಅಲ್ಲಿ ಚಿಲಕವಿಲ್ಲ, ಪ್ಲಾಸ್ಟಿಕ್ ಕರಗಿರುತ್ತದೆ. ಸಡಿಲ ಸಂಪರ್ಕದ ರೋಧ ಬರೀ 0.1 ಓಮ್ ಇದ್ದರೂ 15 ಆ್ಯಂಪಿಯರಿಗೆ ಆ ಒಂದೇ ಬಿಂದುವಿನಲ್ಲಿ 22.5 ವಾಟ್ ಶಾಖ ಗಂಟೆಗಟ್ಟಲೆ ಹುಟ್ಟುತ್ತದೆ. ಎಂಸಿಬಿ ಇಳಿಸಿ, ಆರಲು ಬಿಟ್ಟು, ಎಲೆಕ್ಟ್ರಿಷಿಯನ್ನರನ್ನು ಕರೆಸಿ ಸಾಕೆಟ್, ಪ್ಲಗ್ ಎರಡನ್ನೂ ಬದಲಿಸಿ.